ಸವಳು ನೀರು, ಎರಿ ಧೂಳು ಮತ್ತು ನನ್ನ ಮೂರು ಸಿಲಿಂಡರ್ ಕಾರು

ನಮ್ಮ ವಿಜಯಪುರ ಜಿಲ್ಲೆಯಲ್ಲಿ ಸಣ್ಣ ಪೆಟ್ರೋಲ್ ಎಂಜಿನ್ ಸವೆದು ಹಾಳಾಗುವುದು ಕಡಿಮೆ, ಕುದ್ದು ಹಾಳಾಗುವುದೇ ಹೆಚ್ಚು. ನಾನು ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರ. ದ್ರಾಕ್ಷಿ ಪಡಕ್ಕೆ (ತೋಟಕ್ಕೆ) ಔಷಧ ತರಲು, ಒಣದ್ರಾಕ್ಷಿ ಶೆಡ್ಡಿಗೆ ಓಡಾಡಲು, ಮನೆಮಂದಿಯನ್ನು ಮದುವೆ-ಮುಂಜಿಗೆ ಕರೆದೊಯ್ಯಲು ನಮಗಿರುವುದು ಒಂದೇ ಕಾರು. 2015ರ ಆಲ್ಟೊ ಕೆ10, ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಅದರ ಎಂಜಿನ್ನಿನ ದಿನನಿತ್ಯದ ಕೆಲಸವನ್ನೆಲ್ಲ ನಾನೇ ಮಾಡಿಕೊಳ್ಳುತ್ತೇನೆ.

998 ಸಿಸಿ, ಮೂರು ಸಿಲಿಂಡರ್, 68 ಪಿಎಸ್. ವಾಲ್ವುಗಳನ್ನು ವೇಳೆಗೆ ಸರಿಯಾಗಿ ತೆರೆಸುವ ಟೈಮಿಂಗ್‌ಗೆ ಚೈನ್ ಇರುವುದರಿಂದ 800 ಸಿಸಿ ಆಲ್ಟೊದವರಂತೆ ಬೆಲ್ಟ್ ಬದಲಿಸುವ ಲೆಕ್ಕ ಇಡಬೇಕಿಲ್ಲ. ವೇಳೆಗೆ ಸರಿಯಾಗಿ ಆಯಿಲ್ ಬದಲಿಸುತ್ತಿದ್ದರೆ ಚೈನಿನ ಕಡೆ ತಿರುಗಿ ನೋಡುವ ಪ್ರಸಂಗವೇ ಅಪರೂಪ. ಆದರೆ ಬ್ಲಾಕು, ಹೆಡ್ಡು ಎರಡೂ ಅಲ್ಯೂಮಿನಿಯಂ. ಒಮ್ಮೆ ಮಿತಿಮೀರಿ ಕಾದರೆ ಹೆಡ್ಡು ಸೊಟ್ಟಗಾಗುತ್ತದೆ, ಇವೆರಡರ ಸಂದಿ ಮುಚ್ಚುವ ಗ್ಯಾಸ್ಕೆಟ್ ಹೋಗುತ್ತದೆ, ಆಯಿಲ್ಲು ನೀರು ಒಂದಾಗುತ್ತವೆ. ಅಲ್ಲಿಗೆ ಹತ್ತು ವರ್ಷ ಬಾಳಬೇಕಾದ ಎಂಜಿನ್ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಹಾಗಾಗಿ ನನ್ನ ಗಮನವೆಲ್ಲ ಮೊದಲು ಎಂಜಿನ್ ತಣಿಸುವ ರೇಡಿಯೇಟರ್ ಮೇಲೆ.

ಕಾರು ಮನೆಗೆ ಬಂದ ವಾರದಲ್ಲೇ ತಣ್ಣಗಿರುವಾಗ ರೇಡಿಯೇಟರ್ ಕ್ಯಾಪ್ ತೆಗೆದು ನೋಡಿದೆ. ಕೂಲಂಟ್ ಎಂಬ ತಣಿಸುವ ದ್ರವ ಇರಬೇಕಾದಲ್ಲಿ ಕೆಂಪಗೆ ಕಲಕಿದ ನೀರು. ಬಾಯಿಯ ಸುತ್ತ ಬೆಳ್ಳನೆ ಪದರ, ಉಗುರಿನಿಂದ ಕೆರೆದರೆ ಪುಡಿಪುಡಿ ಉದುರುತ್ತಿತ್ತು. ನನಗೆ ಅದರ ಗುರುತು ಹತ್ತಲು ಹೊತ್ತು ಬೇಕಾಗಲಿಲ್ಲ. ಬೋರಿನ ಸವಳು ನೀರು ಹರಿಸಿದ ಹನಿ ನೀರಾವರಿಯ ಡ್ರಿಪ್ಪರಿನ ಬಾಯಿಗೆ ಕಟ್ಟುವ ಉಪ್ಪು ಅದೇ. ಡ್ರಿಪ್ಪರ್ ಕಟ್ಟಿದರೆ ಒಂದು ಗಿಡ ಒಣಗುತ್ತದೆ. ರೇಡಿಯೇಟರಿನ ಸಣ್ಣ ನಳಿಗೆಗಳು ಕಟ್ಟಿದರೆ ಇಡೀ ಎಂಜಿನ್ ಒಣಗುತ್ತದೆ. ಡ್ರಿಪ್ಪಿಗೆ ಆ್ಯಸಿಡ್ ಬಿಡುವಂತೆ ಇದಕ್ಕೂ ಬಿಡು ಎಂದು ಸಲಹೆ ಕೊಟ್ಟವರಿದ್ದರು. ದಯವಿಟ್ಟು ಬೇಡ. ಆ್ಯಸಿಡ್ ಉಪ್ಪಿನ ಜೊತೆಗೆ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ.

ನಾನು ಮಾಡಿದ್ದು ಇಷ್ಟು. ಎಂಜಿನ್ ಪೂರ್ತಿ ಆರಿದ ಮೇಲೆ ಹಳೆಯ ನೀರನ್ನು ಕೆಳಗಿನಿಂದ ಬಸಿದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದ ನೀರು ತುಂಬಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಎಂಜಿನ್ ಚಾಲೂ ಮಾಡಿದೆ. ಮೇಲಿನ ಹೋಸು ಮುಟ್ಟಲಾರದಷ್ಟು ಬಿಸಿಯಾಯಿತೆಂದರೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲಷ್ಟೇ ರೇಡಿಯೇಟರಿಗೆ ನೀರು ಬಿಡುವ ಕವಾಟ) ತೆರೆದಿದೆ, ನೀರು ಎಲ್ಲ ಕಡೆ ಸುತ್ತುತ್ತಿದೆ ಎಂದರ್ಥ. ಆಮೇಲೆ ಬಂದ್ ಮಾಡಿ, ಆರಲು ಬಿಟ್ಟು ಮತ್ತೆ ಬಸಿದೆ. ನೀರು ತಿಳಿಯಾಗಿ ಬರುವವರೆಗೂ ಇದೇ ಕೆಲಸ. ಕೊನೆಗೆ ಮಿಶ್ರಣ ಮಾಡಿಯೇ ಬರುವ ಸೀಲ್ ಡಬ್ಬದ ಕೂಲಂಟ್ ಹಾಕಿ, ಕ್ಯಾಪ್ ತೆಗೆದಿಟ್ಟೇ ಎಂಜಿನ್ ಓಡಿಸಿ, ಗುಳ್ಳೆ ಏಳುವುದು ನಿಂತ ಮೇಲೆ ಮಟ್ಟ ತುಂಬಿ ಮುಚ್ಚಿದೆ. ಒಳಗೆ ಗಾಳಿ ಉಳಿದರೆ ಎಷ್ಟು ಒಳ್ಳೆಯ ಕೂಲಂಟ್ ಹಾಕಿದರೂ ವ್ಯರ್ಥ.

ಹಳೆಯ ಕ್ಯಾಪನ್ನೂ ಹೊಸದಕ್ಕೆ ಬದಲಿಸಿದೆ. ಬಹಳ ಮಂದಿ ಅದನ್ನು ಬರೀ ಮುಚ್ಚಳ ಎಂದುಕೊಂಡಿದ್ದಾರೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವ ವಿಜಯಪುರದಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಕ್ಯಾಪಿನ ಸ್ಪ್ರಿಂಗು ಒಳಗೆ ಒತ್ತಡ ಹಿಡಿದಿಡುವುದರಿಂದಲೇ ಕೂಲಂಟ್ 120 ಡಿಗ್ರಿ ಹತ್ತಿರ ಬಂದರೂ ಕುದಿಯದೆ ನಿಲ್ಲುತ್ತದೆ. ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟರೆ ಆ ಒತ್ತಡವೂ ಇಲ್ಲ, ಆ ರಕ್ಷಣೆಯೂ ಇಲ್ಲ.

ಥರ್ಮೋಸ್ಟಾಟ್ ವಿಷಯದಲ್ಲಿ ನಮ್ಮ ಗ್ಯಾರೇಜಿನ ಹುಡುಗನಿಗೂ ನನಗೂ ವಾದವೇ ಆಯಿತು.

“ಸಾವಕಾರ್ರ, ನಮ್ಮ ಬಿಸಲಿಗೆ ಇದು ಯಾಕ ಬೇಕ್ರೀ? ತಗದ್ ಒಗದ್ರ ಎಂಜಿನ್ ಥಂಡ್ ಇರ್ತೈತಿ,” ಅಂದ.

“ತಮ್ಮಾ, ಥಂಡ್ ಎಂಜಿನ್ ಪೆಟ್ರೋಲ್ ಜಾಸ್ತಿ ಕುಡಿತೈತಿ. ಅದನ್ನ ಮುಟ್ಟಬ್ಯಾಡ,” ಅಂದೆ.

ಇದು ಕಾರ್ಬುರೇಟರ್ ಕಾಲದ ಮಾತಲ್ಲ. ಎಂಜಿನ್ ಇನ್ನೂ ತಣ್ಣಗಿದೆ ಎಂದು ಸೆನ್ಸರ್ ಹೇಳಿದಷ್ಟು ಹೊತ್ತೂ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಹೆಚ್ಚು ಪೆಟ್ರೋಲ್ ಬಿಡುತ್ತದೆ. ಮೈಲೇಜು ಬೀಳುತ್ತದೆ, ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ಆಯಿಲಿನೊಳಗಿನ ತೇವ ಆರದೆ ಜಿಡ್ಡಾಗುತ್ತದೆ. ಅಲ್ಲದೆ ರೇಡಿಯೇಟರ್ ಕಟ್ಟಿದ್ದರೆ ಥರ್ಮೋಸ್ಟಾಟ್ ತೆಗೆದ ಮಾತ್ರಕ್ಕೆ ಅದೇನೂ ಬಿಚ್ಚಿಕೊಳ್ಳುವುದಿಲ್ಲ. ಥರ್ಮೋಸ್ಟಾಟ್ ಮೇಲೆ ಅನುಮಾನವಿದ್ದರೆ ಬಿಸಿನೀರಿನಲ್ಲಿ ಮುಳುಗಿಸಿ, ತೆರೆಯುತ್ತದೋ ಇಲ್ಲವೋ ಕಣ್ಣಾರೆ ನೋಡಿ. ತೆರೆಯದಿದ್ದರೆ ಹೊಸದು ಹಾಕಿ.

ಒಳಗಿನಷ್ಟೇ ಹೊರಗೂ ಕೆಲಸವಿದೆ. ರೇಡಿಯೇಟರಿನ ಮುಂದೆ ಎಸಿ ಕಂಡೆನ್ಸರ್ ಇರುತ್ತದೆ. ಇವೆರಡರ ನಡುವಿನ ಸಂದಿಯಲ್ಲಿ ಎರಿ (ಕಪ್ಪು) ಮಣ್ಣಿನ ಧೂಳು, ಸತ್ತ ಹುಳು, ಒಣ ಹುಲ್ಲಿನ ಚೂರು ಸೇರಿ ಗಾಳಿ ಹಾಯದಂತೆ ಮೆತ್ತಿಕೊಳ್ಳುತ್ತವೆ. ಎದುರಿನಿಂದ ನೋಡಿದರೆ ಚೊಕ್ಕಟವೇ ಕಾಣುತ್ತದೆ. ಟಾರ್ಚ್ ಹಿಡಿದು ಬಗ್ಗಿ ನೋಡಿದರೆ ಗೊತ್ತಾಗುತ್ತದೆ. ನಾನು ಏಪ್ರಿಲ್ ಚಾಟ್ನಿಯ (ದ್ರಾಕ್ಷಿ ಬಳ್ಳಿ ಕತ್ತರಿಸುವ) ಗದ್ದಲ ಶುರುವಾಗುವ ಮೊದಲೇ ಎಂಜಿನ್ ಕಡೆಯಿಂದ ಹೊರಗೆ ನೀರು ಬರುವಂತೆ ಪೈಪಿನಿಂದ ನಿಧಾನಕ್ಕೆ ತೊಳೆಯುತ್ತೇನೆ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಗನ್ ಹತ್ತಿರ ಹಿಡಿದರೆ ತೆಳುವಾದ ಫಿನ್ನುಗಳು ಮಡಚಿಕೊಂಡು ಗಾಳಿಯ ದಾರಿ ಶಾಶ್ವತವಾಗಿ ಮುಚ್ಚುತ್ತದೆ. ಮೇ ತಿಂಗಳ 40 ಡಿಗ್ರಿ ಬಿಸಿಲಿನಲ್ಲಿ ಎಸಿ ಹಾಕಿಕೊಂಡು ನಾಲ್ಕು ಜನ ಕೂತು ಸೊಲ್ಲಾಪುರ ರಸ್ತೆ ಹಿಡಿದಾಗ ಈ ತೊಳೆದ ಶ್ರಮ ಕೆಲಸಕ್ಕೆ ಬರುತ್ತದೆ. ಎಂಜಿನ್ನಿನ ಮಾಹಿತಿ ಓದಲು ಕಾರಿನಲ್ಲೇ ಇರುವ ಒಬಿಡಿ ಪೋರ್ಟಿಗೆ ಸಣ್ಣ ಬ್ಲೂಟೂತ್ ಸಾಧನ ಚುಚ್ಚಿ ಮೊಬೈಲಿನಲ್ಲಿ ಕೂಲಂಟಿನ ಬಿಸಿ ನೋಡುವುದು ನನಗೆ ರೂಢಿ. ಕಾರು ನಿಂತಾಗ ಫ್ಯಾನ್ ತಿರುಗುತ್ತಿದ್ದರೂ ಅಂಕಿ ನೂರು ದಾಟಿ ಏರುತ್ತಲೇ ಇದ್ದರೆ ನಾನು ಅಲ್ಲೇ ಬಂದ್ ಮಾಡುತ್ತೇನೆ. ಬಿಸಿ ಇರುವಾಗ ಕ್ಯಾಪ್ ಮಾತ್ರ ಮುಟ್ಟುವುದಿಲ್ಲ.

ಏರ್ ಫಿಲ್ಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಗದದ ಫಿಲ್ಟರಿಗೆ ಒಳಗಿನಿಂದ ಹೊರಗೆ ಮೆಲ್ಲಗೆ ಗಾಳಿ ಹೊಡೆಯಬೇಕು, ನೀರು ತಾಗಿಸಬಾರದು. ಡಬ್ಬಿಯ ಕ್ಲಿಪ್ಪು ಬಿಗಿ ಇದೆಯೇ ನೋಡಬೇಕು. ಅಲ್ಲಿಂದ ನುಸುಳಿದ ಧೂಳು ನೇರ ಸಿಲಿಂಡರಿಗೆ ಹೋಗಿ ಗೀರುತ್ತದೆ. ತೋಟದ ಮನೆಯಲ್ಲಿ ಇಲಿ ಆ ಡಬ್ಬಿಯೊಳಗೆ ಗೂಡು ಕಟ್ಟುವುದೂ ಉಂಟು. ಆಯಿಲ್ ಬದಲಿಸಲು ಕಂಪನಿ ಹೇಳುವುದು 10,000 ಕಿಲೋಮೀಟರ್ ಅಥವಾ ಒಂದು ವರ್ಷ. ಧೂಳಿನ ಊರಿನಲ್ಲಿ ಇನ್ನೂ ಬೇಗ ಬದಲಿಸಿ ಎಂದು ಅದೇ ಪುಸ್ತಕದಲ್ಲಿದೆ. ನಾನು 5,000ಕ್ಕೇ ಬದಲಿಸುತ್ತೇನೆ. ಹಿಡಿಯುವುದೇ ಸುಮಾರು ಮೂರು ಲೀಟರ್, ಅದರಲ್ಲಿ ಜಿಪುಣತನ ಯಾಕೆ?

ಈಚೆಗೆ ಎಲ್ಲರೂ ಕೇಳುವುದು ಶೇ. 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬಗ್ಗೆ. ಎಥನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆ ಶಕ್ತಿ. ಹಳೆಯ ಕಾರುಗಳಲ್ಲಿ ಮೈಲೇಜು ಶೇ. 6-7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿದೆ. ನಮ್ಮ ಭಾಗದ ಕಬ್ಬೂ ಎಥನಾಲ್ ಆಗುತ್ತದೆ, ಅದು ಬೆಳೆಗಾರರಿಗೆ ಒಳ್ಳೆಯದೇ. ಆದರೆ ನನ್ನದು ಇ20ಗೆಂದು ಮಾಡಿದ ಕಾರಲ್ಲ. ಅದಕ್ಕೆ ಸರ್ವಿಸ್ ಮಾಡಿದಾಗೊಮ್ಮೆ ಪೆಟ್ರೋಲ್ ಹೋಸುಗಳನ್ನು ಬಗ್ಗಿಸಿ ಬಿರುಕು ಇದೆಯೇ, ಮೆತ್ತಗಾಗಿದೆಯೇ ನೋಡುತ್ತೇನೆ. ಎಥನಾಲ್ ನೀರು ಹೀರುತ್ತದೆ, ಹಾಗಾಗಿ ಮಳೆಗಾಲದಲ್ಲಿ ಕಾಲು ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವುದಿಲ್ಲ.

ಬಳಗದವರು ಹಳೆಯ ಕಾರು ನೋಡಲು ಕರೆದರೆ ನಾನು ಮೀಟರ್ ನೋಡುವುದು ಕೊನೆಗೆ. ಮೊದಲೇ ಫೋನ್ ಮಾಡಿ, ಎಂಜಿನ್ ಚಾಲೂ ಮಾಡಬೇಡಿ, ಬರುತ್ತೇನೆ ಎಂದು ಮಾರುವವರಿಗೆ ಹೇಳಿರುತ್ತೇನೆ. ಹೋದ ಕೂಡಲೇ ತಣ್ಣಗಿರುವ ರೇಡಿಯೇಟರ್ ಕ್ಯಾಪ್ ತೆಗೆದು ಬೆರಳು ಒಳಗೆ ಆಡಿಸುತ್ತೇನೆ. ಬೆಳ್ಳನೆ ಉಪ್ಪೋ ಕೆಂಪು ರಾಡಿಯೋ ಅಂಟಿದರೆ, ಇಲ್ಲವೇ ಆಯಿಲ್ ಕ್ಯಾಪಿನ ಒಳಮೈಗೆ ದಪ್ಪ ಕೆನೆ (ಆಯಿಲ್ಲಿಗೆ ನೀರು ಬೆರೆತ ಗುರುತು) ಮೆತ್ತಿದ್ದರೆ, ಚಹಾ ಕುಡಿದು ವಾಪಸ್ ಬರುತ್ತೇವೆ. ಎರಡೂ ಚೊಕ್ಕಟ ಇದ್ದರೆ ಟೈರು, ಸಸ್ಪೆನ್ಶನ್ನು ನೋಡಿ ರೇಟು ಮಾತಾಡಲು ಕೂರುತ್ತೇವೆ.