ಟೇಪಿನ ಇನ್ನೊಂದು ತುದಿ

ದಿಮ್ಮಿ ಅಳೆಯುವಾಗ ಟೇಪಿನ ಒಂದು ತುದಿ ನಮ್ಮ ಕೈಯಲ್ಲಿದ್ದರೆ ಇನ್ನೊಂದು ತುದಿ ಮಾರುವವನ ಕೈಯಲ್ಲಿರಬೇಕು ಅಂತ ಅಪ್ಪ ಹೇಳುತ್ತಿದ್ದರು. ನಮ್ಮ ಮರದ ಡಿಪೋಗೆ ಕಾಲಿಟ್ಟ ಹೊಸದರಲ್ಲಿ ಅದನ್ನು ಹಿರಿಯರ ಮರ್ಯಾದೆಯ ಮಾತು ಅಂದುಕೊಂಡು ಸುಮ್ಮನಿದ್ದೆ. ಒಂದು ಸಂಜೆ ಕೂತು ಲೆಕ್ಕ ಹಾಕಿದಾಗ ಅದರ ಬಿಸಿ ತಟ್ಟಿತು.

ದುಂಡು ಮರದ ಲೆಕ್ಕ ಹೀಗೆ: ದಿಮ್ಮಿಯ ನಟ್ಟನಡುವಿನ ಸುತ್ತಳತೆ ತೆಗೆದು ಅದನ್ನು ನಾಲ್ಕರಿಂದ ಭಾಗಿಸಬೇಕು. ಬಂದದ್ದನ್ನು ಅದರಿಂದಲೇ ಗುಣಿಸಿ, ಆಮೇಲೆ ಉದ್ದದಿಂದ ಗುಣಿಸಬೇಕು. 1736ರಲ್ಲಿ ಎಡ್ವರ್ಡ್ ಹೊಪ್ಪಸ್ ಎಂಬ ಇಂಗ್ಲಿಷ್ ಸರ್ವೇಯರ್ ಇದರ ಕೋಷ್ಟಕ ಅಚ್ಚು ಹಾಕಿಸಿದ. ಮರದ ವ್ಯಾಪಾರದಲ್ಲಿ ಆ ಅಳತೆ ಇನ್ನೂ ಅವನ ಹೆಸರಿನಲ್ಲೇ ಇದೆ. 4 ಅಡಿ ಸುತ್ತಳತೆ, 10 ಅಡಿ ಉದ್ದದ ದಿಮ್ಮಿ ಈ ಲೆಕ್ಕದಲ್ಲಿ 10 ಘನ ಅಡಿ. ಅದರಲ್ಲಿ ನಿಜಕ್ಕೂ ಇರುವುದು ಸುಮಾರು 12.7 ಘನ ಅಡಿ. ಕೊಯ್ಯುವಾಗ ಹೊರಚಕ್ಕೆಗೆ, ಗರಗಸದ ಪುಡಿಗೆ ಹೋಗುತ್ತದೆ ಅಂತ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚನ್ನು ಮೊದಲೇ ಕಳೆದಿರುತ್ತಾರೆ. ಅಂದರೆ ಸೂತ್ರ ಹುಟ್ಟಿನಿಂದಲೇ ಕೊಳ್ಳುವವನ ಕಡೆಗೆ ವಾಲಿದೆ. ಅದು ಸಾಲದು ಅಂತ ಟೇಪನ್ನು ನಡುವಿನಿಂದ ತುಸು ಸಣ್ಣ ತುದಿಯ ಕಡೆಗೆ ಜರುಗಿಸಿದರೆ? 48 ಇಂಚು 47 ಆಗುತ್ತದೆ, 10 ಘನ ಅಡಿ 9.6ಕ್ಕೆ ಇಳಿಯುತ್ತದೆ. ನೂರು ದಿಮ್ಮಿಗೆ 40 ಘನ ಅಡಿ ಪುಕ್ಕಟೆ. ಕೈ ಎಷ್ಟು ಜರುಗಿತು ಅನ್ನುವುದು ಜರುಗಿಸಿದವನಿಗೂ ಸರಿಯಾಗಿ ಗೊತ್ತಿರುವುದಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ.

ನಾನು ಮೋಸಗಾರ ಅಲ್ಲ ಅಂತ ನನಗೆ ನಾನೇ ಹೇಳಿಕೊಂಡ ದಿನಗಳಲ್ಲೇ ದೊಡ್ಡ ತಪ್ಪು ಮಾಡಿದ್ದೇನೆ. ಊರಿನ ವಾಚನಾಲಯಕ್ಕೆ ಬಾಗಿಲು ಮಾಡಲು ಹಲಗೆ ಕೊಟ್ಟಿದ್ದೆ, ಅದೂ ದಾನವಾಗಿ. ಮರ ಕೊಯ್ದು ಇನ್ನೂ ಎರಡು ತಿಂಗಳಾಗಿರಲಿಲ್ಲ. ಉದ್ಘಾಟನೆಯ ದಿನ ನನ್ನ ಕೊರಳಿಗೂ ಒಂದು ಹಾರ ಬಿತ್ತು. ಆರು ತಿಂಗಳಾದ ಮೇಲೆ ಹೋಗಿ ನೋಡುತ್ತೇನೆ, ಹಲಗೆ ಹಲಗೆಯ ನಡುವೆ ಪೆನ್ಸಿಲ್ ತೂರುವಷ್ಟು ಸಂದು! ಹಸಿ ಮರದ ತೇವ ಶೇ. 30ರ ಆಸುಪಾಸಿಗೆ ಇಳಿಯುವವರೆಗೆ ಮರ ಅಲ್ಲಾಡುವುದಿಲ್ಲ. ಅಲ್ಲಿಂದ ಕೆಳಗೆ ಹೋದಂತೆಲ್ಲ ಕುಗ್ಗುತ್ತದೆ. ಉದ್ದದಲ್ಲಿ ಕುಗ್ಗುವುದು ಲೆಕ್ಕಕ್ಕಿಲ್ಲದಷ್ಟು. ಅಗಲದಲ್ಲಿ ಮಾತ್ರ ಚೆನ್ನಾಗಿಯೇ ಕುಗ್ಗುತ್ತದೆ, ಅದರಲ್ಲೂ ಉಂಗುರಗಳ ಜಾಡು ಹಿಡಿದು ಕುಗ್ಗುವುದು ತಿರುಳಿನಿಂದ ತೊಗಟೆಯ ದಿಕ್ಕಿಗೆ ಕುಗ್ಗುವುದರ ಹೆಚ್ಚುಕಡಿಮೆ ಎರಡರಷ್ಟು. ಇದೆಲ್ಲ ನನಗೆ ಗೊತ್ತಿತ್ತು. ದುಡ್ಡು ಕೊಟ್ಟ ಗಿರಾಕಿಯಾಗಿದ್ದರೆ ಒಣಗಿದ ಹಲಗೆ ಹುಡುಕಿ ಕೊಡುತ್ತಿದ್ದೆ. ದಾನ ತಾನೇ ಅಂತ ಕೈಗೆ ಸಿಕ್ಕಿದ್ದು ಕೊಟ್ಟೆ. ಬಾಗಿಲು ಬಿಚ್ಚಿಸಿ ಬೇರೆ ಮಾಡಿಸಿದೆ. ಆ ಸಲ ಹಾರ ಇರಲಿಲ್ಲ.

ಊರಿನ ಕೆಲಸಕ್ಕೆ ನಾನು ಬಂದದ್ದು ಸೇವೆ ಮಾಡಬೇಕು ಅಂತ ಅಲ್ಲ. ನಮ್ಮ ಡಿಪೋದ ಹಿಂದಿದ್ದ ಮರದ ಪುಡಿಯ ರಾಶಿಗೆ ಒಂದು ರಾತ್ರಿ ಬೆಂಕಿ ಬಿತ್ತು. ಪುಡಿಯ ಬೆಂಕಿ ಉರಿಯುವುದಕ್ಕಿಂತ ಒಳಗೊಳಗೇ ಕುದಿಯುವುದು ಹೆಚ್ಚು. ಮೇಲೆ ನೀರು ಹುಯ್ದರೆ ಮೇಲ್ಪದರ ಒದ್ದೆಯಾಗಿ ಗಟ್ಟಿಯಾಗುತ್ತದೆ, ಒಳಗಿನ ಕೆಂಡ ಹಾಗೇ ಇರುತ್ತದೆ. ಜೋರಾಗಿ ಪೈಪು ಬಿಟ್ಟರೆ ಪುಡಿ ಎದ್ದು ಗಾಳಿಯಲ್ಲೇ ಭಗ್ಗನೆ ಹೊತ್ತಿಕೊಳ್ಳಲೂಬಹುದು. ತುಂತುರು ನೀರು ಬಿಡುತ್ತಾ ಸಲಿಕೆಯಿಂದ ರಾಶಿಯನ್ನು ಸ್ವಲ್ಪಸ್ವಲ್ಪವೇ ಬಿಡಿಸಬೇಕು. ಅಷ್ಟು ಹೊತ್ತಿಗೆ ಅಗ್ನಿಶಾಮಕ ವಾಹನ ಬಂತು, ಬಂದು ರಸ್ತೆಯ ತಿರುವಿನಲ್ಲೇ ನಿಂತಿತು. ಒಳಗೆ ಬರಲು ಜಾಗವಿಲ್ಲ. ಯಾಕೆ? ವರ್ಷಗಳಿಂದ ನಮ್ಮ ದಿಮ್ಮಿಗಳು ಡಿಪೋ ದಾಟಿ ರಸ್ತೆಯ ಮೇಲೆ ಮಲಗಿದ್ದವು.

ಬೆಳಗಿನ ಜಾವ ಬೆಂಕಿ ಆರಿತು. ಎದುರುಮನೆಯ ಮೇಷ್ಟ್ರು ರಾತ್ರಿಯೆಲ್ಲ ನಮ್ಮ ಜೊತೆ ಬಕೆಟ್ ಹೊತ್ತಿದ್ದರು. ಕೈಕಾಲು ತೊಳೆದುಕೊಳ್ಳುತ್ತಾ, "ರಸ್ತೆ ಕಿರಿದು ಅಂತ ಪುರಸಭೆಗೆ ಅರ್ಜಿ ಕೊಟ್ಟವರಲ್ಲಿ ನಿಮ್ಮದೂ ಒಂದು ಸಹಿ ಇತ್ತಲ್ಲವೇ?" ಅಂದರು. ಅಷ್ಟೇ, ಇನ್ನೊಂದು ಮಾತಾಡಲಿಲ್ಲ. ಆ ವಾರವೇ ಎಂಟು ಅಡಿ ಹಿಂದಕ್ಕೆ ದಿಮ್ಮಿ ಎಳೆಸಿದೆ. ಆಮೇಲೆ ಪಕ್ಕದವರ ಜಗುಲಿ, ಅದರಾಚೆಯ ಅಂಗಡಿಯ ಕಟ್ಟೆ ಅಂತ ಒಬ್ಬೊಬ್ಬರನ್ನೇ ಕೇಳುತ್ತಾ ಹೋದೆ. ನನ್ನದನ್ನು ತೆಗೆದಿದ್ದರಿಂದ ಯಾರೂ ಬಾಯಿ ಮಾಡಲಿಲ್ಲ, ಬೈದುಕೊಂಡೇ ತೆಗೆದರು. ಮುಂದಿನ ಪುರಸಭೆ ಚುನಾವಣೆಯಲ್ಲಿ ಬೀದಿಯವರೇ ನನ್ನನ್ನು ನಿಲ್ಲಿಸಿದರು.

ಸದಸ್ಯನಾಗಿ ಮಾಡಿದ ಹೆಚ್ಚಿನ ಕೆಲಸ ಚರಂಡಿ, ದೀಪ, ನೀರು. ಅವನ್ನು ಯಾರು ಬೇಕಾದರೂ ಮಾಡುತ್ತಿದ್ದರು. ಮರ ಸಭೆಗೆ ಬಂದಾಗ ಮಾತ್ರ ನನಗೆ ಬೆವರು. ರಸ್ತೆ ಅಗಲ ಮಾಡಲು ಸಾಲುಮರ ಕಡಿಯುವ ವಿಷಯ ಬಂತು. ನಾನು ಹೂಂ ಅಂದರೆ ಮರದ ಆಸೆಗೆ ಅಂದ ಅನ್ನುತ್ತಾರೆ. ಬೇಡ ಅಂದರೆ ದೊಡ್ಡಸ್ತಿಕೆಗೆ ಅಂತಾರೆ. ಎರಡೂ ಮಾತಿನಲ್ಲಿ ಸ್ವಲ್ಪ ಸತ್ಯವೂ ಇರುತ್ತಿತ್ತು. ಯಾವ ಮರದಲ್ಲಿ ಎಷ್ಟು ಚೇಗು, ಅಂದರೆ ಗಟ್ಟಿಯಾದ ಒಳಮರ, ಇದೆ ಅಂತ ಆ ದಾರಿಯಲ್ಲಿ ನಡೆಯುವಾಗಲೆಲ್ಲ ನನ್ನ ಕಣ್ಣು ತಾನಾಗಿಯೇ ಅಳೆಯುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಹಾಗಾಗಿ, ಇದು ನನ್ನ ವ್ಯಾಪಾರಕ್ಕೆ ಸೇರಿದ ವಿಷಯ ಅಂತ ಬರೆದು ಕೊಟ್ಟು ಸಭೆಯಿಂದ ಎದ್ದು ಹೊರಗೆ ಕೂತೆ. ಕಡಿದ ಮರದ ಹರಾಜಿಗೆ ನಮ್ಮ ಡಿಪೋ ಹೋಗಲಿಲ್ಲ. ಒಂದು ಸಲಹೆ ಮಾತ್ರ ಮೊದಲೇ ಕೊಟ್ಟಿದ್ದೆ: ಪ್ರತಿ ದಿಮ್ಮಿಗೂ ಬಣ್ಣದಲ್ಲಿ ನಂಬರ್ ಬರೆಸಿ, ನಾಲ್ಕು ಜನರೆದುರು ಅಳೆಸಿ, ಅಳತೆಪಟ್ಟಿಯನ್ನು ಹರಾಜಿಗೆ ಮುಂಚೆಯೇ ಪುರಸಭೆಯ ಬಾಗಿಲಿಗೆ ಅಂಟಿಸಿ.

ಅಧ್ಯಕ್ಷನಾದ ಮೇಲೆ ಶಾಲೆಯ ಬೆಂಚುಗಳ ಟೆಂಡರ್ ಬಂತು. "ಅಣ್ಣ, ಊರಲ್ಲಿ ಒಣಗಿದ ಮರ ಇರೋದು ನಮ್ಮ ಹತ್ತಿರ ಮಾತ್ರ. ನಾವು ಹಾಕದೆ ಇದ್ದರೆ ಮಕ್ಕಳಿಗೇ ನಷ್ಟ" ಅಂದ ತಮ್ಮ. ಅವನು ಹೇಳಿದ್ದು ನಿಜವೇ. ಆದರೂ ಹಾಕಲಿಲ್ಲ; ಮೂರು ತಿಂಗಳು ಅವನು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಬೇರೆ ವ್ಯಾಪಾರಿಯೊಬ್ಬರಿಗೆ ಕೆಲಸ ಸಿಕ್ಕಿತು. ಹಲಗೆ ಬಂದು ಇಳಿದ ದಿನ ನಾನು ಹೋಗಿ ಒಂದನ್ನು ಎತ್ತಿದೆ. ಎತ್ತುವಾಗಲೇ ಭುಜಕ್ಕೆ ಗೊತ್ತಾಯಿತು, ಹಸಿ. ಬೆರಳ ಗೆಣ್ಣಿನಿಂದ ತಟ್ಟಿದರೆ ಟಣ್ ಅನ್ನಬೇಕಾದದ್ದು ದಪ್ ಅಂದಿತು.

ಈಗ ಏನು ಮಾಡುವುದು? ಎದುರಾಳಿ ವ್ಯಾಪಾರಿಯ ಮಾಲನ್ನು ನಾನು ಹಸಿ ಅಂದರೆ ಯಾರು ನಂಬುತ್ತಾರೆ? ನಾನೇ ನಂಬುತ್ತಿರಲಿಲ್ಲ. ಬಾಯಿ ಬಿಡದೆ, ಬಡಗಿ ಕೆಲಸ ಕಲಿಸುವ ಮೇಷ್ಟ್ರೊಬ್ಬರನ್ನು ಹೊರಗಿನಿಂದ ಕರೆಸಿದೆ. ತುಂಡು ಆರಿಸುವಾಗ ಆ ವ್ಯಾಪಾರಿಯನ್ನೂ ಪಕ್ಕದಲ್ಲೇ ನಿಲ್ಲಿಸಿಕೊಂಡೆವು. ಯಾವ ಹಲಗೆ ಅಂತ ತೋರಿಸಿದ್ದೇ ಅವರು. ಹಲಗೆಯ ತುದಿ ಬೇಗ ಒಣಗಿ ಸುಳ್ಳು ಹೇಳುತ್ತದೆ, ಅದಕ್ಕೆ ನಡುವಿನಿಂದ ಕೊಯ್ದರು. ತೂಕ 500 ಗ್ರಾಂ. 103 ಡಿಗ್ರಿ ಶಾಖದ ಒಲೆಯಲ್ಲಿ ಇಟ್ಟು, ತೂಕ ಇಳಿಯುವುದು ನಿಂತ ಮೇಲೆ ಮತ್ತೆ ತೂಗಿದರು, 370 ಗ್ರಾಂ. ಹೋದ 130 ಗ್ರಾಂ ನೀರನ್ನು ಒಣತೂಕದಿಂದ ಭಾಗಿಸಿದರೆ ತೇವ ಶೇ. 35. ಟೆಂಡರಿನಲ್ಲಿ ಬರೆದದ್ದು ಶೇ. 12 ಮೀರಬಾರದು ಅಂತ.

ಮಾಲು ವಾಪಸ್ ಹೋಯಿತು. ಹೊಟ್ಟೆಕಿಚ್ಚು ಅಂತ ಊರಲ್ಲಿ ಮಾತು ಬಂದೇ ಬಂತು, ಬರದೆ ಇರುತ್ತದೆಯೇ. ವಾರ ಕಳೆದ ಮೇಲೆ ಆ ವ್ಯಾಪಾರಿ ಮುಸ್ಸಂಜೆ ನಮ್ಮ ಡಿಪೋಗೆ ಬಂದರು. ಕೂರಿ ಅಂದರೂ ಕೂರಲಿಲ್ಲ. ಹಲಗೆ ಒಡೆಯದ ಹಾಗೆ ಬೇಗ ಒಣಗಿಸುವುದು ಹೇಗೆ ಅಂತ ಕೇಳಿದರು. ಅಂಗಳದಲ್ಲಿ ಪೇರಿಸಿಟ್ಟರೆ ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಹಳಬರ ಲೆಕ್ಕ, ಅಷ್ಟು ಪುರುಸೊತ್ತು ನಿಮಗಿಲ್ಲ, ಒಣಗಿಸುವ ಗೂಡಿಗೇ ಕಳಿಸಬೇಕು ಅಂದೆ. ಕಳಿಸುವ ಮುಂಚೆ ಹಲಗೆಯ ಎರಡೂ ತುದಿಗೆ ಬಣ್ಣವೋ ಮೇಣವೋ ಬಳಿಯಿರಿ, ನಡುನಡುವೆ ಒಂದೇ ದಪ್ಪದ ರೀಪರ್ (ಮರದ ತೆಳು ಪಟ್ಟಿ) ಇಟ್ಟು ಪೇರಿಸಿ, ಮೇಲಿನ ಸಾಲಿನ ರೀಪರ್ ಕೆಳಗಿನದರ ನೇರಕ್ಕೇ ಬರಬೇಕು ಅಂತ ನಮ್ಮ ಅಟ್ಟಿಯನ್ನೇ ತೋರಿಸಿದೆ. ಕತ್ತಲಾಗಿತ್ತು. ಟಾರ್ಚ್ ಹಿಡಿದವನು ನನ್ನ ತಮ್ಮ.

ಬೆಂಚುಗಳು ಎರಡು ತಿಂಗಳು ತಡವಾಗಿ ಬಂದವು. ತೇವ ಶೇ. 11.