ಅಪರೂಪಕ್ಕೆ ವಿಮಾನ ಹತ್ತುವ ಮನೆಗೂ ಪಾಯಿಂಟ್ ದಕ್ಕಬೇಕು

ನೀವು ಊರು ಬಿಟ್ಟು ಈ ಹೊಸ ಜಾಗಕ್ಕೆ ಬಂದಿಳಿದ ವಿಮಾನದ ಬೋರ್ಡಿಂಗ್ ಪಾಸ್ ಇನ್ನೂ ಇದೆಯಾ? ಇದ್ದರೆ ಬಿಸಾಡಬೇಡಿ, ಇ-ಟಿಕೆಟ್ ಜೊತೆ ಎತ್ತಿಡಿ. ವಿಮಾನ ಕಂಪನಿಯಲ್ಲಿ ಸದಸ್ಯರಾಗಿ ಖಾತೆ ತೆರೆದರೆ, ಹಾರಿದ್ದಕ್ಕೆ ಅದರಲ್ಲಿ ಪಾಯಿಂಟ್ ಬೀಳುತ್ತದೆ, ಕೂಡಿಟ್ಟು ಮುಂದೆ ಟಿಕೆಟ್ ತೆಗೆದುಕೊಳ್ಳಬಹುದು. ಪ್ರಯಾಣ ಮುಗಿದ ಮೇಲೂ ಕೆಲವು ತಿಂಗಳ ಒಳಗೆ ಪಾಯಿಂಟ್ ಕೇಳಿ ಪಡೆಯಲು ಹಲವು ಕಂಪನಿಗಳು ಬಿಡುತ್ತವೆ. ಕೆಲವು ಕಡೆ ಸದಸ್ಯರಾಗುವ ಮುಂಚಿನ ಪ್ರಯಾಣಕ್ಕೂ ಸಿಗುತ್ತದೆ. ಮನೆಮಂದಿಯೆಲ್ಲ ಅಷ್ಟು ದೂರ ಬಂದಿದ್ದೀರಿ, ಅದು ಸುಮ್ನೆ ಹೋಗಬಾರದು ಅಲ್ವಾ?

ನಮ್ಮ ಮನೆಯಲ್ಲಿ ಹೋಯಿತು. ಪ್ರತಿ ಸಲ ಅಗ್ಗದ ಟಿಕೆಟ್ ಹುಡುಕಿ ಬೇರೆ ಬೇರೆ ಕಂಪನಿಯ ವಿಮಾನ ಹತ್ತಿದೆವು, ಹತ್ತಿದ ಕಡೆಯೆಲ್ಲ ಖಾತೆ ತೆರೆದೆವು. ನಾಲ್ಕು ಜನ, ಮೂರು ಕಂಪನಿ. ಯಾವುದರಲ್ಲೂ ಒಂದು ಟಿಕೆಟ್ಟಿಗೆ ಆಗುವಷ್ಟು ಕೂಡಲಿಲ್ಲ. ಅವಧಿ ಮುಗಿದು ಒಂದೊಂದಾಗಿ ಅಳಿದುಹೋದವು. ಅಗ್ಗದ ಟಿಕೆಟ್ ಕೊಂಡದ್ದು ತಪ್ಪಲ್ಲ. ಅದನ್ನು ನೀವೂ ಮಾಡಿ. ಆದರೆ ಪಾಯಿಂಟ್ ಮಾತ್ರ ಒಂದೇ ಕಡೆ ಬೀಳಲಿ.

ಅದಕ್ಕೆ ದಾರಿ ಇದೆ. ಸ್ಟಾರ್ ಅಲಯನ್ಸ್, ಒನ್‌ವರ್ಲ್ಡ್, ಸ್ಕೈಟೀಮ್ ಎಂಬ ವಿಮಾನ ಕಂಪನಿಗಳ ಮೂರು ದೊಡ್ಡ ಕೂಟಗಳಿವೆ. ಒಂದು ಕೂಟದೊಳಗೆ ಯಾವ ಕಂಪನಿಯಲ್ಲಿ ಹಾರಿದರೂ ಸಾಮಾನ್ಯವಾಗಿ ನಿಮ್ಮ ಒಂದೇ ಖಾತೆಗೆ ಪಾಯಿಂಟ್ ಹಾಕಿಸಬಹುದು. ಏರ್ ಇಂಡಿಯಾ, ಲುಫ್ತಾನ್ಸಾ, ಯುನೈಟೆಡ್ ಮೂರೂ ಸ್ಟಾರ್ ಅಲಯನ್ಸ್‌ನವು. ಟಿಕೆಟ್ ಬುಕ್ ಮಾಡುವಾಗ ಅಥವಾ ಚೆಕ್-ಇನ್‌ನಲ್ಲಿ ಆ ಖಾತೆಯ ನಂಬರ್ ಕೊಟ್ಟರೆ ಆಯಿತು. ತೀರಾ ಅಗ್ಗದ ದರ್ಜೆಯ ಟಿಕೆಟ್ಟಿಗೆ ಪಾಯಿಂಟ್ ಕಮ್ಮಿ ಬರಬಹುದು, ಬರದೆಯೂ ಇರಬಹುದು.

ಯಾವ ಖಾತೆ ಆರಿಸಬೇಕು? ನನ್ನ ಮಟ್ಟಿಗೆ ಮೊದಲು ನೋಡಬೇಕಾದ್ದು ಪಾಯಿಂಟ್ ಎಷ್ಟು ಕಾಲ ಬದುಕಿರುತ್ತದೆ ಎಂಬುದು. ಎರಡು ವರ್ಷಕ್ಕೊಮ್ಮೆ ಹಾರುವವರಿಗೆ ಇದಕ್ಕಿಂತ ದೊಡ್ಡ ವಿಷಯ ಇಲ್ಲ. ಡೆಲ್ಟಾ, ಯುನೈಟೆಡ್, ಜೆಟ್‌ಬ್ಲೂ ಪಾಯಿಂಟ್‌ಗಳಿಗೆ ಅವಧಿಯೇ ಇಲ್ಲ. ಸಿಂಗಪುರ್ ಏರ್‌ಲೈನ್ಸ್‌ನವು ಸಾಮಾನ್ಯವಾಗಿ ಗಳಿಸಿದ 3 ವರ್ಷಕ್ಕೆ ಮುಗಿಯುತ್ತವೆ, ನಡುವೆ ನೀವು ಹಾರಿದರೂ ಅಷ್ಟೇ. ಕ್ವಾಂಟಾಸ್‌ದು ಇನ್ನೊಂದು ಬಗೆ: 18 ತಿಂಗಳು ಖಾತೆಯಲ್ಲಿ ಏನೂ ನಡೆಯದಿದ್ದರೆ ಹೋಗುತ್ತವೆ. ಬ್ರಿಟಿಷ್ ಏರ್‌ವೇಸ್‌ನಲ್ಲಿ ಆ ಅವಧಿ 36 ತಿಂಗಳು. ಈ ಬಗೆಯ ಖಾತೆ ಉಳಿಸಿಕೊಳ್ಳಲು ವಿಮಾನವೇ ಹತ್ತಬೇಕಿಲ್ಲ. ಆ ಕಂಪನಿಯ ಜೊತೆ ಒಪ್ಪಂದ ಇರುವ ಹೋಟೆಲ್‌ನಲ್ಲೋ ಅಂಗಡಿಯಲ್ಲೋ ಹೇಗೂ ಮಾಡುವ ಖರ್ಚಿನಿಂದ ನಾಲ್ಕು ಪಾಯಿಂಟ್ ಬಿದ್ದರೂ ಗಡಿಯಾರ ಮತ್ತೆ ಮೊದಲಿಂದ ಶುರು. ನಿಯಮಗಳು ಬದಲಾಗುತ್ತಿರುತ್ತವೆ, ಸೇರುವ ದಿನ ಒಮ್ಮೆ ಓದಿಕೊಳ್ಳಿ.

ಮನೆಯವರ ಪಾಯಿಂಟ್ ಒಟ್ಟು ಸೇರಿಸುವ ಸೌಲಭ್ಯ ಇದ್ದರೆ ಬಿಡಬೇಡಿ. ಎಮಿರೇಟ್ಸ್‌ನಲ್ಲಿ 8 ಜನರವರೆಗೆ ಸೇರಬಹುದು. ಮಕ್ಕಳ ಹೆಸರಲ್ಲಿ ಬಂದದ್ದೂ ಆಗ ಉಪಯೋಗಕ್ಕೆ ಬರುತ್ತದೆ.

ಖರ್ಚು ಮಾಡುವ ಮುಂಚೆ ಒಂದು ಸಣ್ಣ ಲೆಕ್ಕ ಹಾಕಿ. ಟಿಕೆಟ್ಟಿಗೆ ದುಡ್ಡು ಕೊಟ್ಟರೆ 600 ಡಾಲರ್ ಅಂದುಕೊಳ್ಳಿ. ಪಾಯಿಂಟ್‌ನಲ್ಲಿ ತೆಗೆದುಕೊಂಡರೆ 30,000 ಪಾಯಿಂಟ್, ಮೇಲೆ ತೆರಿಗೆ, ಸರ್‌ಚಾರ್ಜ್ (ಕಂಪನಿ ಹಾಕುವ ಹೆಚ್ಚುವರಿ ಶುಲ್ಕ) ಸೇರಿ 150 ಡಾಲರ್. ಅಂದರೆ ನಿಮಗೆ ಉಳಿದದ್ದು 450. ಒಂದು ಪಾಯಿಂಟಿಗೆ ಒಂದೂವರೆ ಸೆಂಟ್ ಬಂದ ಹಾಗಾಯಿತು. ಅದೇ ಪಾಯಿಂಟ್‌ನಲ್ಲಿ ಹೆಡ್‌ಫೋನ್, ಸೂಟ್‌ಕೇಸ್ ತೋರಿಸುತ್ತಾರಲ್ಲ, ಅದಕ್ಕೂ ಇದೇ ಲೆಕ್ಕ ಹಾಕಿ ನೋಡಿ. ಸಾಮಾನ್ಯವಾಗಿ ಅಲ್ಲಿ ತುಂಬಾ ಕಮ್ಮಿ ಸಿಗುತ್ತದೆ. ಕೆಲವು ಕಂಪನಿಗಳ ಸರ್‌ಚಾರ್ಜ್ ಎಷ್ಟು ಜಾಸ್ತಿ ಅಂದರೆ, ಪಾಯಿಂಟ್ ಟಿಕೆಟ್ಟಿಗಿಂತ ದುಡ್ಡಿನ ಟಿಕೆಟ್ಟೇ ವಾಸಿ ಅನ್ನಿಸುತ್ತದೆ. ರಜೆ ದಿನಗಳಲ್ಲಿ ಪಾಯಿಂಟ್ ಸೀಟು ಬೇಗ ಮುಗಿಯುತ್ತವೆ. ನಾಲ್ಕು ಸೀಟು ಒಟ್ಟಿಗೆ ಬೇಕಾದವರು ತಿಂಗಳುಗಟ್ಟಲೆ ಮುಂಚೆಯೇ ಹುಡುಕಲು ಶುರು ಮಾಡಿ.

ಪಾಯಿಂಟ್ ಆಸೆಗೆ ಕ್ರೆಡಿಟ್ ಕಾರ್ಡ್ ಸಾಲ ಉಳಿಸಿಕೊಳ್ಳಬೇಡಿ. ಹೊಸ ಜಾಗದಲ್ಲಿ ಮನೆ ಹೂಡುವಾಗ ಕೈ ಬಿಗಿ ಇರುತ್ತದೆ. ಒಂದೆರಡು ತಿಂಗಳ ಬಡ್ಡಿಯೇ ಗಳಿಸಿದ ಪಾಯಿಂಟನ್ನು ನುಂಗಿಬಿಡುತ್ತದೆ.

ಕೊನೆಗೆ ಹೆಸರಿನ ವಿಷಯ. ನಮ್ಮಲ್ಲಿ ಬಹಳ ಜನಕ್ಕೆ ಇನಿಶಿಯಲ್ ಇರುತ್ತದೆ, ಸರ್‌ನೇಮ್ ಇರುವುದಿಲ್ಲ. ಖಾತೆಯಲ್ಲಿ ಒಂದು ತರ, ಟಿಕೆಟ್ಟಿನಲ್ಲಿ ಇನ್ನೊಂದು ತರ ಇದ್ದರೆ ಪಾಯಿಂಟ್ ಬಂದು ಸೇರುವುದಿಲ್ಲ. ಎರಡೂ ಕಡೆ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಬರೆಸಿ. ಈಗಾಗಲೇ ಎಡವಟ್ಟಾಗಿದ್ದರೆ, ನಮ್ಮ ಸಂಘದ ಮುಂದಿನ ಸಭೆಗೆ ಬರುವಾಗ ಆ ಬೋರ್ಡಿಂಗ್ ಪಾಸ್ ತನ್ನಿ. ಜೊತೆಗೆ ಕೂತು ಪಾಯಿಂಟ್ ಕೇಳುವ ಅರ್ಜಿ ತುಂಬಿಕೊಡುತ್ತೇವೆ.