ಹೊಕ್ಕುಳಿನಿಂದ ಬಲಕ್ಕೆ ಇಳಿಯುವ ನೋವು

ಅಪೆಂಡಿಕ್ಸ್ ಆಪರೇಷನ್ ಕೈಗೆ ಬರುವುದು ಅಷ್ಟೇನೂ ಕಷ್ಟವಲ್ಲ. ಯಾರಿಗೆ ಈಗಲೇ ಮಾಡಬೇಕು, ಯಾರಿಗೆ ಬೆಳಗಿನವರೆಗೆ ಕಾಯಬಹುದು, ಯಾರಿಗೆ ಬೇಡವೇ ಬೇಡ ಅಂತ ತೀರ್ಮಾನಿಸುವುದೇ ಕಷ್ಟ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಸಣ್ಣ ಆಸ್ಪತ್ರೆಯೊಂದರಲ್ಲಿ ನಾನು ಸರ್ಜನ್. ನಡುರಾತ್ರಿ ಸಿ.ಟಿ. ಸ್ಕ್ಯಾನ್ ಬೇಕೆಂದರೆ ರೋಗಿಯನ್ನು ಕಾಸರಗೋಡು ಪೇಟೆಗೋ ಮಂಗಳೂರಿಗೋ ಕಳಿಸಬೇಕು. ಹಾಗಾಗಿ ನಮ್ಮಲ್ಲಿ ಕಿವಿಗೂ ಕೈಗೂ ಕೆಲಸ ಜಾಸ್ತಿ.

ನೋವು ಈಗ ಎಲ್ಲಿದೆ ಅಂತ ಎಲ್ಲರೂ ತೋರಿಸುತ್ತಾರೆ. ನಾನು ಮೊದಲು ಕೇಳುವುದು ಶುರುವಾದದ್ದು ಎಲ್ಲಿ ಅಂತ. ಅಪೆಂಡಿಕ್ಸ್ ಅಂದರೆ ದೊಡ್ಡ ಕರುಳಿನ ಬುಡಕ್ಕೆ ಅಂಟಿಕೊಂಡ ಸಣ್ಣ ಕೊಳವೆ, ಸಾಮಾನ್ಯವಾಗಿ 6ರಿಂದ 10 ಸೆಂಟಿಮೀಟರ್ ಉದ್ದ. ಗಟ್ಟಿಯಾದ ಮಲದ ಚೂರೋ, ಮಕ್ಕಳಲ್ಲಾದರೆ ಊದಿದ ದುಗ್ಧರಸ ಗ್ರಂಥಿಯೋ ಅದರ ಬಾಯಿ ಮುಚ್ಚಿದರೆ ಒಳಗೆ ಲೋಳೆ ತುಂಬುತ್ತದೆ, ಒತ್ತಡ ಏರುತ್ತದೆ, ರಕ್ತ ಓಡಾಟ ನಿಧಾನವಾಗುತ್ತದೆ. ಆಗ ಸುದ್ದಿ ಮುಟ್ಟಿಸುವುದು ಕರುಳಿನ ನರಗಳು ಮಾತ್ರ. ಹೊಕ್ಕುಳಿನ ಚರ್ಮದ ನರಗಳೂ ಬೆನ್ನುಹುರಿಗೆ ಸೇರುವುದು ಅದೇ ಮಟ್ಟದಲ್ಲಿ. ಹಾಗಾಗಿ ನೋವು ಹೊಕ್ಕುಳಿನ ಸುತ್ತ ಅನಿಸುತ್ತದೆ. ಕೆಲವು ಗಂಟೆ ಕಳೆದು ಉರಿಯೂತ ಹೊಟ್ಟೆಯ ಒಳಪೊರೆಗೆ ತಾಗಿದ ಮೇಲೆ ನೋವು ಬಲಕ್ಕೆ, ಕೆಳಕ್ಕೆ ಇಳಿದು ಒಂದೇ ಕಡೆ ಕೂರುತ್ತದೆ. ಎಲ್ಲರಿಗೂ ಹೀಗೇ ಆಗುವುದಿಲ್ಲ. ಕೊಳವೆ ಕರುಳಿನ ಹಿಂದೆ ಅಡಗಿದ್ದರೆ ಸೊಂಟ ಹಿಡಿದುಕೊಂಡು ಬರುತ್ತಾರೆ, ಮೂತ್ರದ ಕಲ್ಲು ಅಂತಲೇ ಅನಿಸುತ್ತದೆ.

ಎರಡನೇ ಪ್ರಶ್ನೆ ಹಸಿವಿನದು. ಮೀನಿನ ಸಾರು ಬಡಿಸಿದರೂ ಬೇಡ ಅನ್ನುವ ಹುಡುಗನನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ವಾಂತಿ ಮೊದಲು ಬಂತೋ, ನೋವು ಮೊದಲೋ ಅಂತಲೂ ಕೇಳುತ್ತೇನೆ. ವಾಂತಿಯೇ ಮೊದಲಾದರೆ ಬೇರೆ ಕಾಯಿಲೆಯ ಯೋಚನೆ ಬರುತ್ತದೆ.

ಮನೆಯಲ್ಲಿ ಏನು ಕೊಟ್ಟಿರಿ ಅನ್ನುವುದು ಇನ್ನೊಂದು. ಜೀರಿಗೆ ಕಷಾಯ, ಸೋಡಾ ಶರಬತ್ತು ಆಗಿಯೇ ಇರುತ್ತದೆ, ಅದರಿಂದ ದೊಡ್ಡ ತೊಂದರೆಯಿಲ್ಲ. ಹೆದರಿಕೆ ಹರಳೆಣ್ಣೆಯದು. ಹೊಟ್ಟೆ ಕಟ್ಟಿದೆ ಅಂತ ಅಜ್ಜಿಯಂದಿರು ಕುಡಿಸುತ್ತಾರೆ. ಊದಿಕೊಂಡ ಅಪೆಂಡಿಕ್ಸ್ ಇರುವಾಗ ಭೇದಿ ಮಾಡಿಸಿದರೆ ಅದು ಒಡೆಯುವ ಅಪಾಯ ಉಂಟು.

ನನಗೆ ಇಷ್ಟದ ಪ್ರಶ್ನೆ ಮಾತ್ರ ರಸ್ತೆಯದು. "ಜೀಪು ಹೊಂಡಕ್ಕೆ ಬಿದ್ದಾಗ ನೋವಾಯಿತಾ?" ನಮ್ಮ ಒಳದಾರಿಗಳು ಈ ಪರೀಕ್ಷೆಯನ್ನು ಪುಕ್ಕಟೆ ಮಾಡಿಕೊಡುತ್ತವೆ! ತಮಾಷೆಯಲ್ಲ, 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದರ ಮೇಲೊಂದು ಅಧ್ಯಯನ ಬಂದಿತ್ತು. ಅಪೆಂಡಿಸೈಟಿಸ್, ಅಂದರೆ ಅಪೆಂಡಿಕ್ಸ್ ಉರಿಯೂತ, ಖಚಿತವಾದ 34 ಮಂದಿಯಲ್ಲಿ 33 ಮಂದಿಗೆ ಹಂಪ್ ದಾಟುವಾಗ ನೋವಾಗಿತ್ತು. ಹಂಪ್‌ನಲ್ಲಿ ನೋವಾದವರಿಗೆಲ್ಲ ಅಪೆಂಡಿಕ್ಸ್ ಅಂತ ಅರ್ಥವಲ್ಲ. ನೋವೇ ಆಗಲಿಲ್ಲ ಅಂದರೆ ನನಗೆ ಸ್ವಲ್ಪ ಧೈರ್ಯ, ಅಷ್ಟೇ.

ಆಮೇಲೆ ಕೈ. ಎಡಗಡೆಯಿಂದ ಮೆಲ್ಲಗೆ ಒತ್ತುತ್ತಾ ಬರುತ್ತೇನೆ, ಕಣ್ಣು ರೋಗಿಯ ಮುಖದ ಮೇಲೆ. ಬಲ ಸೊಂಟದ ಮೂಳೆಯ ಮುಂದಿನ ತುದಿಯಿಂದ ಹೊಕ್ಕುಳಿನ ಕಡೆಗೆ ಮೂರನೇ ಒಂದು ಭಾಗ ಬಂದರೆ ಸಿಗುವ ಜಾಗವನ್ನು ನ್ಯೂಯಾರ್ಕ್‌ನ ಸರ್ಜನ್ ಚಾರ್ಲ್ಸ್ ಮ್ಯಾಕ್‌ಬರ್ನಿ 1889ರಲ್ಲಿ ಗುರುತಿಸಿದ್ದರು. ಇಂದಿಗೂ ಬೆರಳು ಅಲ್ಲಿಗೇ ಹೋಗುತ್ತದೆ. ರಕ್ತದಲ್ಲಿ ಬಿಳಿ ಕಣಗಳು ಏರಿವೆಯಾ, ಅಲ್ಟ್ರಾಸೌಂಡ್‌ನಲ್ಲಿ ಕೊಳವೆ 6 ಮಿಲಿಮೀಟರ್‌ಗಿಂತ ದಪ್ಪ ಇದೆಯಾ ಅಂತ ನೋಡಿ, ರೋಗಲಕ್ಷಣಗಳಿಗೂ ರಕ್ತಪರೀಕ್ಷೆಗೂ ಅಂಕ ಕೊಟ್ಟು ಅಪೆಂಡಿಸೈಟಿಸ್ ಸಾಧ್ಯತೆ ಅಳೆಯುವ 10 ಅಂಕದ ಅಲ್ವರಾಡೊ ಸ್ಕೋರ್ ಹಾಕುತ್ತೇನೆ. 7 ಅಥವಾ ಅದಕ್ಕಿಂತ ಹೆಚ್ಚು ಬಂದವರಲ್ಲಿ ಗೊಂದಲ ಕಡಿಮೆ.

ಗೊಂದಲ 5, 6ರವರದ್ದು. ಅವರನ್ನು ಮಲಗಿಸಿ, ಸಲೈನ್ ಹಾಕಿ, ಕೆಲವು ಗಂಟೆ ಬಿಟ್ಟು ಪುನಃ ನಾನೇ ಹೊಟ್ಟೆ ಮುಟ್ಟುತ್ತೇನೆ. ಕೈ ಬದಲಾಗಬಾರದು. ನೋವಿನ ಇಂಜೆಕ್ಷನ್ ಕೊಟ್ಟರೆ ರೋಗ ಮರೆಯಾಗುತ್ತದೆ ಅಂತ ಹಿಂದೆ ಕಲಿಸುತ್ತಿದ್ದರು. ಅದು ಸರಿಯಲ್ಲ ಅಂತ ಈಗ ಗೊತ್ತಿದೆ, ನಾನು ಕೊಡುತ್ತೇನೆ. ನರಳುವವರನ್ನು ಸುಮ್ನೆ ಕಾಯಿಸುವುದು ಯಾಕೆ? ಈ ಹೊತ್ತಿನಲ್ಲೇ ಮನೆಯವರಿಗೆ ಮಂಗಳೂರಿನ ನೆನಪಾಗುವುದು. ಹೋಗುತ್ತೇವೆ ಅಂದರೆ ತಡೆಯುವುದಿಲ್ಲ. ಕಂಡದ್ದನ್ನೆಲ್ಲ ಬರೆದು ಕೊಡುತ್ತೇನೆ.

ಹೆಣ್ಣುಮಕ್ಕಳಾದರೆ ಅಂಡಾಶಯ ತಿರುಚಿಕೊಂಡಿರಬಹುದು, ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲಿ ಕೂತಿರಬಹುದು. ಎರಡೂ ಅಪಾಯದವೇ. ಮದುವೆ ಆಗಲಿ, ಬಿಡಲಿ, ಮೂತ್ರದ ಗರ್ಭಪರೀಕ್ಷೆ ಎಲ್ಲರಿಗೂ ಮಾಡಿಸುತ್ತೇನೆ. ಅಮ್ಮನನ್ನು ಫಾರ್ಮ್ ತುಂಬಲು ಹೊರಗೆ ಕಳಿಸಿ ಗರ್ಭದ ವಿಷಯ ಸಿಸ್ಟರ್ ಹತ್ತಿರ ಕೇಳಿಸುವುದು ನಮ್ಮ ಕ್ರಮ. ಸಿಸ್ಟರ್ ಮಲಯಾಳ, ತುಳು, ಕನ್ನಡ ಮೂರರಲ್ಲೂ ಸಲೀಸು.

ಆಪರೇಷನ್ ಅಂತ ಆದ ಮೇಲೆ ನನಗೆ ನೆಮ್ಮದಿ. ಕೊಯ್ಯುವ ಮೊದಲೇ ಆಂಟಿಬಯಾಟಿಕ್ ಕೊಟ್ಟಾಗಿರುತ್ತದೆ. ಹೊಕ್ಕುಳಿನಲ್ಲಿ ಒಂದು ತೂತು, ಕೆಳಗೆ ಎರಡು ಸಣ್ಣ ತೂತು, ಹೊಟ್ಟೆ ಉಬ್ಬಿಸಲು ಕಾರ್ಬನ್ ಡೈಆಕ್ಸೈಡ್, ಒಳಗೆ ನೋಡಲು ಕ್ಯಾಮೆರಾ. ಇದೇ ಲ್ಯಾಪರೊಸ್ಕೋಪಿ. ಜರ್ಮನಿಯ ಕುರ್ಟ್ ಸೆಮ್ 1980ರಲ್ಲಿ ಮೊದಲ ಬಾರಿ ಹೀಗೆ ಅಪೆಂಡಿಕ್ಸ್ ತೆಗೆದರು. ಅವರು ಸ್ತ್ರೀರೋಗ ತಜ್ಞ! ಸರ್ಜನ್‌ಗಳಿಗೆ ಸಿಟ್ಟು ಬಂದಿತ್ತು. ಅಪೆಂಡಿಕ್ಸ್ ಕಾಣದಿದ್ದರೆ ದೊಡ್ಡ ಕರುಳಿನ ಮೇಲಿನ ಮೂರು ಸ್ನಾಯುಪಟ್ಟಿಗಳನ್ನು ಹಿಡಿದು ಇಳಿಯುತ್ತೇನೆ, ಅವು ಸೇರುವಲ್ಲೇ ಅದರ ಬುಡ. ರಕ್ತನಾಳ ಸುಟ್ಟು, ಬುಡಕ್ಕೆ ಗಂಟು ಹಾಕಿ ಕತ್ತರಿಸುತ್ತೇನೆ. ಹೊರತೆಗೆಯಲು ದುಬಾರಿ ಚೀಲ ಬೇಡ. ಕ್ರಿಮಿಶುದ್ಧ ಗ್ಲೌಸಿನ ಬೆರಳೊಂದನ್ನು ಕತ್ತರಿಸಿದರೆ ಸಾಕು, ಕೀವು ಗಾಯಕ್ಕೆ ತಾಗುವುದಿಲ್ಲ.

ನಾಲ್ಕೈದು ದಿನ ತಡೆದು ಬರುವವರದ್ದು ಬೇರೆ ಲೆಕ್ಕ. ಸುತ್ತಲಿನ ಕೊಬ್ಬಿನ ಪೊರೆ, ಕರುಳು ಎಲ್ಲ ಅಂಟಿ ಗಡ್ಡೆಯಾಗಿರುತ್ತದೆ. ಆಗ ಕತ್ತರಿ ಹಾಕಿದರೆ ಕರುಳಿಗೇ ಪೆಟ್ಟು. ಪೆನ್ನಿನಿಂದ ಗಡ್ಡೆಯ ಅಂಚು ಗುರುತಿಸಿ, ಆಂಟಿಬಯಾಟಿಕ್ ಕೊಟ್ಟು, ದಿನವೂ ನೋಡುತ್ತೇನೆ. ಕೀವು ಕಟ್ಟಿದ್ದರೆ ಅದನ್ನು ಮಾತ್ರ ಹೊರಗೆ ಬಿಡುವುದು. "ಆಪರೇಷನ್ ಮಾಡದೆ ಹೇಗೆ ಡಾಕ್ಟ್ರೇ?" ಅನ್ನುವವರಿಗೆ ಬ್ರಿಟನ್ನಿನ ಏಳನೇ ಎಡ್ವರ್ಡ್ ದೊರೆಯ ಕಥೆ ಹೇಳುತ್ತೇನೆ. 1902ರಲ್ಲಿ ಪಟ್ಟಾಭಿಷೇಕಕ್ಕೆ ಎರಡು ದಿನ ಇರುವಾಗ ಅವರಿಗೆ ಆಪರೇಷನ್ ಆಯಿತು. ಕೀವು ತೆಗೆದರು, ಅಪೆಂಡಿಕ್ಸ್ ತೆಗೆಯಲಿಲ್ಲ. ಆಗಸ್ಟ್‌ನಲ್ಲಿ ಕಿರೀಟ ಇಟ್ಟುಕೊಂಡರು.

2020ರ ಮಾರ್ಚ್ ಕೊನೆಗೆ ಕೋವಿಡ್‌ ಕಾರಣಕ್ಕೆ ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿದಾಗ ಗಡಿಗೆ ಹತ್ತಿರದ ಮಂಜೇಶ್ವರ, ಉಪ್ಪಳದವರಿಗೂ ಮಂಗಳೂರಿನ ದಾರಿ ಇಲ್ಲದಾಯಿತು. ಆಗ ಒಡೆಯದ, ಮಲದ ಕಲ್ಲು ಕಾಣದ ಕೆಲವರಿಗೆ ಆಂಟಿಬಯಾಟಿಕ್ ಮಾತ್ರ ಕೊಟ್ಟು ನೋಡಿದೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಹೊರಬಂತು. ಆಂಟಿಬಯಾಟಿಕ್ ಪಡೆದ ಹತ್ತರಲ್ಲಿ ಸುಮಾರು ಮೂವರಿಗೆ 90 ದಿನದೊಳಗೆ ಆಪರೇಷನ್ ಬೇಕಾಯಿತು, ಕಲ್ಲು ಇದ್ದವರಿಗೆ ಇನ್ನೂ ಜಾಸ್ತಿ. ಈ ಲೆಕ್ಕವನ್ನು ಈಗ ರೋಗಿಗಳ ಮುಂದೆ ಇಡುತ್ತೇನೆ. ಆದರೆ ಮನೆ ದೂರದ ಗುಡ್ಡದಲ್ಲಿದ್ದು, ರಾತ್ರಿ ವಾಹನ ಸಿಗದವರಿಗೆ ಆಪರೇಷನ್ನೇ ಒಳ್ಳೆಯದು ಅಂತ ನೇರ ಹೇಳುತ್ತೇನೆ.

ಮನೆಗೆ ಹೋಗುವಾಗ ಕೇಳುವುದು ಪಥ್ಯದ ಬಗ್ಗೆ. ವಾರಗಟ್ಟಲೆ ಗಂಜಿ ಬೇಡ, ಹೊಟ್ಟೆ ಒಪ್ಪಿದರೆ ಮಾಮೂಲಿ ಊಟ ಮಾಡಿ ಅನ್ನುತ್ತೇನೆ. ಹೆಗಲು ನೋವು ಆಪರೇಷನ್‌ಗೆ ಹೊಟ್ಟೆಗೆ ತುಂಬಿದ ಗ್ಯಾಸಿನದು, ಎರಡು ಮೂರು ದಿನದಲ್ಲಿ ಹೋಗುತ್ತದೆ. ಅಡಿಕೆ ಮರ ಹತ್ತುವವರು ಒಂದು ತಿಂಗಳು ಕೆಳಗೇ ಇರಲಿ. ತೆಗೆದ ಅಪೆಂಡಿಕ್ಸ್ ಪೆಥಾಲಜಿ ಲ್ಯಾಬಿಗೆ ಹೋಗಿರುತ್ತದೆ. ಅಪರೂಪಕ್ಕೆ ಅದರ ತುದಿಯಲ್ಲಿ ಸಣ್ಣ ಗೆಡ್ಡೆ ಸಿಗುವುದುಂಟು. ಹೊಲಿಗೆ ತೋರಿಸಲು ಬರುವವರು ಆ ರಿಪೋರ್ಟ್ ಕೇಳುವುದೇ ಇಲ್ಲ. ಹಾಗಾಗಿ ಅದು ಬರುವವರೆಗೆ ಅವರ ಫೈಲ್ ನನ್ನ ಮೇಜಿನ ಮೇಲೆಯೇ ಇರುತ್ತದೆ.